ಇನ್ನೊಬ್ಬರ ಕಣ್ಣಿನ ಚೂರು

ನನ್ನ ಎಡಗಣ್ಣಿನಲ್ಲಿ ಇನ್ನೊಬ್ಬ ಮನುಷ್ಯನ ಕಣ್ಣಿನ ಚೂರೊಂದು ಇದೆ. ಮಸೂರ ಬೇಳೆಯಷ್ಟು ಅಗಲದ್ದು. ಅದರ ಮೂಲಕವೇ ನೋಡುತ್ತ ಈ ಸಾಲುಗಳನ್ನು ಬರೆಯುತ್ತಿದ್ದೇನೆ.

ಇಂಥ ಶಸ್ತ್ರಕ್ರಿಯೆ ಆಗಬೇಕಾದವರ ಮನೆಯವರು ಆಗಾಗ ನನ್ನನ್ನು ಹುಡುಕಿಕೊಂಡು ಕೆಲಗೇರಿಗೆ ಬರುತ್ತಾರೆ. ನೋವಾಗುತ್ತದೆಯೇ, ಕಾಣುತ್ತದೆಯೇ ಎಂದು ಕೇಳುತ್ತಾರೆ. ಆ ಎರಡಕ್ಕೂ ಅಂಗಳದಲ್ಲಿ ನಿಂತೇ ಉತ್ತರ ಕೊಡಬಹುದು. ಇನ್ನೊಬ್ಬರ ಕಣ್ಣಿಗಾಗಿ ಕಾಯುತ್ತ ಮಲಗಿರುವುದು ಹೇಗಿರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೂ ನಿಂತು ಹೇಳುವ ಮಾತಲ್ಲ ಅದು. ಅದಕ್ಕೇ ಬರೆದಿಡುತ್ತಿದ್ದೇನೆ.

ಮಹಾಯುದ್ಧದ ಕಾಲ. ನಾನು ಮುಗದ ಸ್ಟೇಷನ್ನಿನ ಮಾಸ್ತರನಾಗಿದ್ದೆ. ರೇಲ್ವೆಯಲ್ಲಿ ಪಳಗಿದವನು ಗಡಿಯಾರ ಹೇಳಿದಾಗ ಏಳುತ್ತಾನೆ, ಗಡಿಯಾರ ಹೇಳಿದಾಗ ಉಣ್ಣುತ್ತಾನೆ. ನಸುಕಿನಲ್ಲಿ ಸ್ನಾನ, ಲಿಂಗಪೂಜೆ, ಒಂದು ಬಟ್ಟಲು ಹಾಲು, ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಪ್ಲಾಟ್‌ಫಾರ್ಮಿಗೆ. ಇದು ಒಂದು ದಿನವೂ ತಪ್ಪಿದ್ದಿಲ್ಲ. "ನೀವು ಎದ್ದಿದ್ದ ನೋಡಿ ಊರಾಗಿನ ಕೋಳಿ ಕೂಗತಾವ್ರಿ" ಎಂದು ನನ್ನ ಹೆಂಡತಿ ನೀಲಮ್ಮ ನಗುತ್ತಿದ್ದಳು.

ಮೊದಲು ಬಲಗಣ್ಣಿಗೆ ಸಣ್ಣ ಹುಣ್ಣಾಯಿತು. ಯುದ್ಧದ ಗಾಡಿಗಳು ಹಗಲೂ ರಾತ್ರಿ ಓಡುತ್ತಿದ್ದವು. ರಜೆಯ ಮಾತೇ ಇರಲಿಲ್ಲ. ಯಾರೋ ಕೊಟ್ಟ ಸೊಪ್ಪಿನ ರಸ ಹಿಂಡಿಕೊಂಡು ಕೆಲಸ ಮಾಡಿದೆ. ಕಣ್ಣು ಬತ್ತಿ ಒಳಗೆ ಸೇರಿತು. ಒಂದು ಕಣ್ಣಿನಲ್ಲೇ ನಡೆಸಿಕೊಂಡು ಹೋಗುತ್ತಿದ್ದಾಗ, ಗೂಡ್ಸ್ ಗಾಡಿಯೊಂದು ದಾಟುವಾಗ ಇಂಜಿನ್ನಿನ ಕಲ್ಲಿದ್ದಲ ಕಣ ಹಾರಿ ಎಡಗಣ್ಣಿಗೆ ಬಿತ್ತು. ಅಲ್ಲಿಯೂ ಹುಣ್ಣು. ಹುಣ್ಣು ಮಾಯಿತು, ಆದರೆ ಮಾಯ್ದ ಜಾಗ ಬೆಳ್ಳಗಾಯಿತು. ನಮ್ಮ ಕಡೆ ಇದಕ್ಕೆ ಕಣ್ಣಿಗೆ ಹೂ ಬಿತ್ತು ಎನ್ನುತ್ತಾರೆ. ಬೇನೆಗೆ ಇಷ್ಟು ಚಂದದ ಹೆಸರನ್ನು ಯಾರು ಇಟ್ಟರೋ ತಿಳಿಯದು.

ಮೊದಮೊದಲು ಸಿಗ್ನಲ್ ದೀಪದ ಕೆಂಪು, ಹಸಿರು ನೀರಿನಲ್ಲಿ ಕಲಸಿದ ಬಣ್ಣದಂತೆ ಕಾಣುತ್ತಿದ್ದವು. ಆಮೇಲೆ ಅವೂ ಇಲ್ಲ. ಹಗಲೆಂದರೆ ಬಿಳಿ, ರಾತ್ರಿಯೆಂದರೆ ಕಪ್ಪು, ನಡುವೆ ಏನೂ ಇಲ್ಲ. ಹೊಸ ಮಾಸ್ತರನ ಕೈಗೆ ಬಾವುಟಗಳನ್ನೂ ಬೀಗದ ಕೈಗಳನ್ನೂ ಕೊಟ್ಟು ಧಾರವಾಡಕ್ಕೆ ಬಂದು ಕೆಲಗೇರಿಯ ಮನೆ ಸೇರಿದೆ.

ಮನೆಯಲ್ಲಿಯೂ ವೇಳಾಪಟ್ಟಿ ಬಿಡಲಿಲ್ಲ. ಹಿತ್ತಲ ಬಾಗಿಲಿನಿಂದ ಬಚ್ಚಲಿಗೆ ಹಗ್ಗ ಕಟ್ಟಿಸಿದೆ. ಪಾದರಕ್ಷೆ, ಕೋಲು, ಚೊಂಬು ಇಟ್ಟಲ್ಲಿಯೇ ಇರಬೇಕೆಂದು ಎಲ್ಲರಿಗೂ ತಾಕೀತು ಮಾಡಿದೆ. ಹಗಲು ಹೇಗೋ ಸಾಗುತ್ತಿತ್ತು. ಕಷ್ಟವಾಗುತ್ತಿದ್ದುದು ಪೂಜೆಯ ಹೊತ್ತು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅದರ ಮೇಲೆ ದೃಷ್ಟಿ ನಿಲ್ಲಿಸುವುದು ನಾನು ಎಳೆತನದಿಂದ ಮಾಡಿಕೊಂಡು ಬಂದ ಕೆಲಸ. ಈಗ ಅಂಗೈಯಲ್ಲಿ ಭಾರ ಇತ್ತು, ನೋಡುವುದಕ್ಕೆ ಏನೂ ಇರಲಿಲ್ಲ. ಬೆರಳಿನಿಂದ ಮುಟ್ಟಿ ಮುಟ್ಟಿ ಎದ್ದುಬಿಡುತ್ತಿದ್ದೆ.

ನನ್ನ ತಮ್ಮ ಬಸಣ್ಣನದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ. ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದರೆಂದು ಅವನು ನನ್ನನ್ನು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ಕಣ್ಣಿನ ಡಾಕ್ಟರು ವಿಲಾಯತಿಯಲ್ಲಿ ಕಲಿತು ಬಂದವರು. ಹೊರಗಿನ ಬಾಕಿನ ಮೇಲೆ ಬಹಳ ಹೊತ್ತು ಕುಳಿತೆವು. ಸುತ್ತ ಮೋತಿಬಿಂದುವಿನವರೇ ಇದ್ದರು. ಅವರ ಮಾತಿನಲ್ಲಿ ಗೆಲವಿತ್ತು. ಪೊರೆ ತೆಗೆಸಿದರೆ ಕಾಣುತ್ತದೆಂದು ಅವರಿಗೆ ಗೊತ್ತು. ನನ್ನ ಪಕ್ಕದ ಅಜ್ಜ ಕೇಳಿದ: "ನಿಮ್ಮದೂ ಮೋತಿಬಿಂದೂನ ಏನ್ರಿ?"

"ಅಲ್ರಿ, ಹೂ ಬಿದ್ದೈತಿ."

ಅಜ್ಜ "ಶಿವ ಕಾಯ್ತಾನ ಬಿಡ್ರಿ" ಎಂದ. ಆಮೇಲೆ ಆಚೆಯ ಪಕ್ಕದವರೊಂದಿಗೆ ಮಾತು ಹಚ್ಚಿಕೊಂಡ.

ಡಾಕ್ಟರು ದೀಪ ಹಿಡಿದು ಬೆಳಕು ಯಾವ ಕಡೆಯಿಂದ ಬರುತ್ತದೆಂದು ಕೇಳುತ್ತ ಹೋದರು. ಮೇಲೆ, ಕೆಳಗೆ, ಎಡಕ್ಕೆ. ನಾನು ಸರಿಯಾಗಿ ಹೇಳಿದೆ.

"ನೋಡ್ರಿ ಮಾಸ್ತರ, ಬಲಗಣ್ಣಿನ ಆಸೆ ಬಿಟ್ಟುಬಿಡ್ರಿ. ಎಡಗಣ್ಣು ಒಳಗ ಛಲೋ ಅದ. ಮುಂದಿನ ಗಾಜು ಕೆಟ್ಟದ, ಅಷ್ಟ."

"ಗಾಜು ಬದಲಿ ಮಾಡಾಕ ಬರತೈತೇನ್ರಿ?"

"ಬರ್ತದ. ಆದರ ಅಂಗಡ್ಯಾಗ ಸಿಗೂದಿಲ್ಲ. ಮನುಷ್ಯಾರ ಕಣ್ಣಿನದ ಬೇಕು. ಯಾರದರ ಕಣ್ಣು ಪೆಟ್ಟ ಆಗಿ ತಗೀಬೇಕಾತು, ಅದರ ಮುಂದಿನ ಗಾಜು ಮಾತ್ರ ಸ್ವಚ್ಛ ಉಳದದ ಅಂದ್ರ, ಅವರು ಒಪ್ಪಿದರ, ಅವತ್ತ ಅದರಾಗಿಂದೊಂದು ಚೂರು ನಿಮಗ ಕೂಡಸ್ತೇನಿ. ಖಾತ್ರಿ ಹೇಳೂದಿಲ್ಲ. ನಿಂತರ ನಿಂತೀತು, ಇಲ್ಲಂದ್ರ ಅದೂ ಬೆಳ್ಳಗ ಆದೀತು. ಹಂಗಾದರ ಎರಡನೇ ಸಲ ನಾ ಕೈ ಹಚ್ಚಾಂವಲ್ಲ."

ಉಳಿದಿರುವುದು ಒಂದು ಕಣ್ಣು, ಅದಕ್ಕೆ ಒಂದು ಅವಕಾಶ. ಚೂರು ಅಂದಂದೇ ಕೂಡಿಸಬೇಕಾದದ್ದರಿಂದ ಧಾರವಾಡದಿಂದ ಬಂದು ಮುಟ್ಟುವಷ್ಟು ವ್ಯವಧಾನ ಇರುವುದಿಲ್ಲವೆಂದು ಡಾಕ್ಟರು ನನ್ನನ್ನು ವಾರ್ಡಿನಲ್ಲಿಯೇ ಇರಿಸಿಕೊಂಡರು. ಬೂದಿ ಕಣ್ಣಿನ ಹತ್ತಿರ ಹಾಯಬಾರದೆಂದು ಹಣೆಗೆ ವಿಭೂತಿ ಹಚ್ಚುವುದನ್ನು ನಿಲ್ಲಿಸಿದರು. ಬೆಳಗಿನ ಪೂಜೆಗೆ ನೀಲಮ್ಮ ಮಂಚದ ಸುತ್ತ ಸೀರೆ ಕಟ್ಟಿ ಮರೆ ಮಾಡುತ್ತಿದ್ದಳು.

ಕಾಯುವುದು ನನಗೆ ಹೊಸದಲ್ಲ. ಸ್ಟೇಷನ್ನಿನಲ್ಲಿ ಆಯುಷ್ಯವೆಲ್ಲ ಮಾಡಿದ್ದು ಅದೇ ಕೆಲಸ. ಆದರೆ ಗಾಡಿ ಬಂದರೆ ಯಾರಿಗೂ ಕೆಡುಕಾಗುವುದಿಲ್ಲ. ಇಲ್ಲಿ ನಾನು ಕಾಯುತ್ತಿದ್ದುದು ಯಾರದೋ ಕಣ್ಣು ಹೋಗಲೆಂದು. ಆ ವಿಚಾರ ತಲೆಗೆ ಬಂದ ಮೇಲೆ ಲಿಂಗವನ್ನು ಕೈಯಲ್ಲಿ ಹಿಡಿದಾಗ ಏನನ್ನೂ ಬೇಡುವುದಾಗಲಿಲ್ಲ. ಬೇಡಿದರೆ ಅದನ್ನೇ ಬೇಡಬೇಕಾಗುತ್ತಿತ್ತು. ಸುಮ್ಮನೆ ಹಿಡಿದು ಕೂಡುತ್ತಿದ್ದೆ.

ಒಂದು ಮಧ್ಯಾಹ್ನ ರೇಲ್ವೆ ವರ್ಕಶಾಪಿನ ಫಿಟ್ಟರನೊಬ್ಬನನ್ನು ತಂದು ನನ್ನ ಪಕ್ಕದ ಮಂಚದ ಮೇಲೆ ಮಲಗಿಸಿದರು. ಉಳಿ ಹೊಡೆಯುವಾಗ ಕಬ್ಬಿಣದ ಸಿಬಿರು ಸಿಡಿದು ಬಲಗಣ್ಣಿನ ಒಳಕ್ಕೆ ಹೊಕ್ಕಿತ್ತು. ಮೊದಲ ದಿನ ಅವನ ನರಳಾಟ ಕೇಳಿ ನನಗೆ ಅನ್ನ ಇಳಿಯಲಿಲ್ಲ. ನೋವು ಸ್ವಲ್ಪ ತಗ್ಗಿದ ಕೂಡಲೇ ಬಾಯಿ ಬಂತು. ಹೆಸರು ಇಮಾಮಸಾಬ, ಮೂವತ್ತರ ಆಚೀಚೆಯ ವಯಸ್ಸು.

"ಮುಗದ ಸ್ಟೇಷನ್ದವರ ನೀವು? ಹಂಗಾರ ನಿಮ್ಮ ಕಣ್ಣಾಗ ಕಸಾ ಹಾಕಿದ್ದು ನಮ್ಮ ಇಂಜಿನ್ನರಿ ಮಾಸ್ತರ್ರ. ರಿಪೇರಿ ಮಾಡಿ ಕಳಸಾವ್ರು ನಾವ. ತಪ್ಪು ವರ್ಕಶಾಪಿಂದು, ಬರಕೋರಿ."

"ಬರಕೊಳ್ಳಾಕ ಕಣ್ಣ ಬೇಕಲ್ಲೋ ತಮ್ಮಾ" ಎಂದೆ.

"ಅದೂ ಖರೇನ" ಎಂದು ನಕ್ಕು, ನಕ್ಕಿದ್ದಕ್ಕೆ ನೋವಾಗಿ "ಯಾ ಅಲ್ಲಾ" ಎಂದ.

ಎರಡು ದಿನದ ಮೇಲೆ ಡಾಕ್ಟರು ಅವನ ಮಂಚದ ಹತ್ತಿರ ನಿಂತು, ಏನನ್ನೂ ಮುಚ್ಚದೆ ಹೇಳಿದರು. ಸಿಬಿರು ಬಹಳ ಒಳಗೆ ಹೋಗಿದೆ, ಕಣ್ಣು ತಿರುಗಿ ಬರುವಂತಿಲ್ಲ. ಬಿಟ್ಟರೆ ಅದರ ಬಾಧೆ ಒಳ್ಳೆಯ ಕಣ್ಣಿಗೂ ತಗುಲಬಹುದು, ತೆಗೆಯಬೇಕು. ಸಿಬಿರು ಬಿಳಿಗುಡ್ಡೆಯ ಬದಿಯಿಂದ ಹೊಕ್ಕಿದೆ, ಮುಂದಿನ ಗಾಜು ಸ್ವಚ್ಛವಿದೆ. ಅವನು ಒಪ್ಪಿದರೆ ಅದರ ಒಂದು ಚೂರು ಇನ್ನೊಬ್ಬರಿಗೆ ಬೆಳಕಾದೀತು. ಒಪ್ಪದಿದ್ದರೂ ಅವನ ಉಪಚಾರದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ.

ನನ್ನ ಹೆಸರನ್ನು ಅವರು ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಇರಲಿಲ್ಲ. ಅವರ ಹೆಜ್ಜೆಯ ಸದ್ದು ದೂರವಾದ ಮೇಲೆ ಇಮಾಮಸಾಬ ಕೇಳಿದ: "ಮಾಸ್ತರ್ರ, ನೀವೇನ್ರಿ ನನ್ನ ಕಣ್ಣಿನ ಮ್ಯಾಲೆ ಕಣ್ಣ ಇಟ್ಟಾವ್ರು?"

"ಹೌದು" ಎಂದೆ.

ಅವನ ತಾಯಿ ಹುಸೇನಬಿ. ಮಂಟೂರ ರಸ್ತೆಯ ಕಡೆ ಮನೆ. ಕೌದಿ ಹೊಲಿಯುವ ಕಸುಬು. ದಿನಾಲು ಹೊತ್ತು ಇಳಿಯುವಾಗ ಬಂದು ಮಗನ ಮಂಚದ ಬದಿಗೆ ನೆಲದ ಮೇಲೆ ಕೂಡುತ್ತಿದ್ದರು. ಸೂಜಿ ಬಟ್ಟೆಯಲ್ಲಿ ಹೊಕ್ಕು ಹೊರಡುವ ಸದ್ದು ನನಗೆ ಕೇಳುತ್ತಿತ್ತು. ಡಾಕ್ಟರ ಮಾತು ಕೇಳಿದ ದಿನ ಸೂಜಿಯ ಸದ್ದು ನಿಂತಿತು. ತೆಗೆಯುವುದಕ್ಕೆ ಅವರು ಒಪ್ಪಿದರು. ಮಗನ ಇನ್ನೊಂದು ಕಣ್ಣು ಉಳಿಯಬೇಕಲ್ಲ. ಚೂರು ಕೊಡುವುದಕ್ಕೆ ಒಪ್ಪಲಿಲ್ಲ. ಕಾರಣವನ್ನೂ ಹೇಳಲಿಲ್ಲ.

ಬಸಣ್ಣ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಅಣ್ಣಾ, ನಾ ಆಯಮ್ಮನ ಕೂಡ ಒಂದ ಮಾತ ಆಡ್ತೇನಿ. ವ್ಯಾಪಾರಸ್ಥ ಅದೇನಿ, ನನಗ ಬರತೈತಿ ಮಾತಾಡಾಕ."

"ಬ್ಯಾಡ."

"ಯಾಕ?"

"ನನಗ ಬೇಕಾಗೇತಿ, ಅದಕ್ಕ ನಾವು ಕೇಳಬಾರದು."

ಅವನಿಗೆ ಸಿಟ್ಟು ಬಂತು. "ಇಷ್ಟ ಹತ್ರ ಬಂದಿದ್ದನ್ನ ಕೈಯಾರೆ ಬಿಡ್ತೀಯಲ್ಲೋ. ಜಲ್ಮಾನೆಲ್ಲಾ ಅತ್ತಿಗಿ ಕೈ ಹಿಡಕೊಂಡ ಅಡ್ಡಾಡಾಂವೇನು?" ಎಂದ. ನೀಲಮ್ಮ "ಸಾವಕಾಶ ಮಾತಾಡ್ರಿ, ಅವರಿಗೆ ಕೇಳತೈತಿ" ಎಂದಳು. ಕೇಳಿಸಿಯೇ ಇರಬೇಕು.

ಮರುದಿನ ಹುಸೇನಬಿ ಮಗನ ಮಂಚ ಬಿಟ್ಟು ನನ್ನ ಮಂಚದ ಹತ್ತಿರ ಬಂದು ನಿಂತರು. ಬಳೆಯ ಸದ್ದಿನ ಮೇಲೆ ಗೊತ್ತಾಯಿತು.

"ಮಾಸ್ತರ್ರ, ಒಂದ ಕೇಳತೇನಿ. ಸಿಟ್ಟಾಗಬ್ಯಾಡ್ರಿ."

"ಕೇಳ್ರಿ ಅಕ್ಕಾರ."

"ನೀವು ಸತ್ತಿಂದ ನಿಮ್ಮನ್ನ ಏನ ಮಾಡ್ತಾರ?"

"ಅಮ್ಮಾ!" ಎಂದು ಇಮಾಮಸಾಬ ಕೂಗಿದ. "ಬದುಕಿದ್ದಾರನ್ನ ಹಿಂಗ ಕೇಳತಾರೇನು?"

"ನೀ ಸುಮ್ಮನಿರೋ. ಕೇಳೂದು ಕೇಳಬೇಕು." ಅವರ ದನಿ ನನ್ನ ಕಡೆ ತಿರುಗಿತು. "ಮೈಯಿಂದ ತಗದಿದ್ದನ್ನ ಮಣ್ಣಿಗೆ ಕೊಡಬೇಕ್ರಿ ನಮ್ಮೊಳಗ. ನಮ್ಮ ಮಸೂತ್ಯಾಗ ಹಿರ್ಯಾರೂ ಅದನ್ನ ಹೇಳಿದ್ರು. ಉಳಿದಿದ್ದನ್ನ ನಾವು ಕೊಡ್ತೇವಿ. ನಿಮ್ಮ ಕಣ್ಣಿಗೆ ಹೋಗಿದ್ದು? ನೀವು ಬ್ರಾಹ್ಮಣರು. ಮುಂದ ಒಂದ ದಿನಾ ನಿಮ್ಮನ್ನ ಸುಡತಾರ. ನಿಮ್ಮ ಕೂಡ ನನ್ನ ಮಗಂದೂ ಬೆಂಕ್ಯಾಗ ಬೀಳತೈತಿ. ರಾತ್ರಿ ಕಣ್ಣ ಮುಚ್ಚಿದರ ಅದ ಕಾಣತೈತ್ರಿ ನನಗ. ಅದೊಂದು ತಡಕೊಳ್ಳಾಕ ಆಗವಲ್ತು."

ಆಗ ನನಗೆ ತಿಳಿಯಿತು. ಸ್ಟೇಷನ್ ಮಾಸ್ತರ ಎಂದರೆ ಬಹಳ ಮಾಡಿ ಬ್ರಾಹ್ಮಣರೇ ಇರುತ್ತಿದ್ದ ಕಾಲ. ನನ್ನ ಹಣೆಯ ಮೇಲೆ ವಿಭೂತಿ ಇಲ್ಲ. ಪೂಜೆ ಸೀರೆಯ ಮರೆಯಲ್ಲಿ, ಅವರು ಬರುವ ಹೊತ್ತಿಗಿಂತ ಎಷ್ಟೋ ಮೊದಲು. ಅಂಗಿಯೊಳಗೆ ಕೈ ಹಾಕಿ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಹೊರಗೆ ತೆಗೆದು ಅವರ ಕಡೆ ಹಿಡಿದೆ.

"ನಾವು ಲಿಂಗಾಯತರರಿ ಅಕ್ಕಾರ. ನಮ್ಮನ್ನ ಸುಡೂದಿಲ್ಲ. ಮಣ್ಣ ಕೊಡ್ತಾರ."

"ಖರೇ?"

"ಖರೇರಿ. ಕುಂಡ್ರಿಸಿ ಮಣ್ಣ ಕೊಡ್ತಾರ, ಕೈಯಾಗ ಈ ಲಿಂಗಾ ಇಟ್ಟು."

ಪಕ್ಕದ ಮಂಚದಿಂದ ಇಮಾಮಸಾಬ ಬಾಯಿ ಹಾಕಿದ: "ಕುಂಡ್ರಿಸಿ? ಸತ್ತಮ್ಯಾಲೂ ಡ್ಯೂಟಿ ಬಿಡೂದಿಲ್ಲೇನ್ರಿ ಮಾಸ್ತರ್ರ ನೀವು?"

ವಾರ್ಡಿನಲ್ಲಿ ಯಾರೋ ನಕ್ಕರು. ನಾನೂ ನಕ್ಕೆ. ಹುಸೇನಬಿ ನಗಲಿಲ್ಲ. ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಂಡಂತೆ ಅಂದರು: "ಹಂಗಂದ್ರ ಅದೂ ಮಣ್ಣಿಗೇ ಹೋಗತೈತಿ. ಸ್ವಲ್ಪ ತಡಾ ಆಗತೈತಿ, ಅಷ್ಟ."

"ಜಗ್ಗ ತಡಾ ಆಗ್ಲಿರಿ ಯಕ್ಕಾ" ಎಂದಳು ನೀಲಮ್ಮ. ಆಸ್ಪತ್ರೆಗೆ ಬಂದಾಗಿನಿಂದ ಅವಳ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಮನಿಯವರಿಗೆಲ್ಲಾ ಹೇಳಿಡ್ರಿ ಮತ್ತ" ಎಂದು ಹುಸೇನಬಿ ನೀಲಮ್ಮನಿಗೆ ಅಂದು ಮಗನ ಹತ್ತಿರ ಹೋದರು. ಸ್ವಲ್ಪ ಹೊತ್ತಿಗೆ ಸೂಜಿಯ ಸದ್ದು ಮತ್ತೆ ಶುರುವಾಯಿತು.

ಅವರು ಹೋದ ಮೇಲೆ ನಾನು ಇಮಾಮಸಾಬನಿಗೆ ಹೇಳಿದೆ: "ನಿಮ್ಮವ್ವಾರು ಹೂಂ ಅಂದ್ರು. ನೀ ಇನ್ನೂ ಒಲ್ಲೆ ಅನ್ನಬಹುದು."

"ನಾ ಒಲ್ಲೆ ಅಂದ್ರ ಆ ಕಣ್ಣು ಉಳಿಯೂದಿಲ್ಲಲ್ರಿ. ಹೆಂಗೂ ಹೋಗೂದೈತಿ." ಮೊದಲ ಸಲ ಅವನ ಮಾತಿನಲ್ಲಿ ನಗೆ ಇರಲಿಲ್ಲ. "ಅಂಜಿಕಿ ಆಗತೈತ್ರಿ, ಸುಳ್ಳ ಹೇಳೂದಿಲ್ಲ. ಹೋಗೂದು ಹೋಗಲಿ. ಒಂದ ತುಣುಕರ ಇನ್ನೂ ಸ್ವಲ್ಪ ದಿನಾ ಗಾಡಿ ನೋಡ್ಲಿ."

ಇಬ್ಬರನ್ನೂ ಒಂದೇ ಮುಂಜಾನೆ ಒಳಗೆ ಒಯ್ದರು. ಅವನನ್ನು ಮೊದಲು. ಬಾಗಿಲ ಹೊರಗೆ ತಳ್ಳುಮಂಚದ ಮೇಲೆ ಮಲಗಿದ್ದಾಗ ಒಳಗಿನಿಂದ ಪಾತ್ರೆಯ ಮೇಲೆ ಏನೋ ಇಟ್ಟ ಸದ್ದು ಕೇಳಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ನನಗೆ ಕಣ್ಣಿಗೆ ಮದ್ದು ಹಾಕಿ ಜೋಮು ಹಿಡಿಸಿದರು, ಎಚ್ಚರವಿತ್ತು. ನೋವು ಇರಲಿಲ್ಲ. ಒತ್ತಿದಂತೆ, ಎಳೆದಂತೆ ಅನ್ನಿಸುತ್ತಿತ್ತು. ನಡುವೆ ಬಿಳಿಯ ಪರದೆ ಹೋಗಿ ಒಂದು ಕ್ಷಣ ಕಣ್ಣಿನ ತುಂಬ ಬೆಳಕು ನುಗ್ಗಿತು. "ಅಲುಗಬ್ಯಾಡ್ರಿ ಮಾಸ್ತರ, ಉಸಿರು ಸಣ್ಣಗ ಬಿಡ್ರಿ" ಎನ್ನುತ್ತಿದ್ದರು ಡಾಕ್ಟರು. ಅಲುಗದಿರುವುದು ನನಗೆ ಬರುತ್ತದೆ. ಆ ಹೊತ್ತು ಆಯುಷ್ಯದ ಶಿಸ್ತನ್ನೆಲ್ಲ ಅದೊಂದಕ್ಕೇ ಖರ್ಚು ಮಾಡಿದೆ.

ಆಮೇಲಿನ ದಿನಗಳೇ ನಿಜವಾದ ಪರೀಕ್ಷೆ. ಈ ಶಸ್ತ್ರಕ್ರಿಯೆಗೆ ಹೋಗುವವರು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇಲ್ಲಿ. ಎರಡೂ ಕಣ್ಣಿಗೆ ಪಟ್ಟಿ. ತಲೆಯ ಎರಡೂ ಬದಿಗೆ ಉಸುಕಿನ ಚೀಲ. ಅಂಗಾತ ಮಲಗಿ ಛಾವಣಿಯ ಕಡೆ ಮುಖ. ಕೆಮ್ಮಬಾರದು, ಸೀನಬಾರದು, ಅಗಿಯಬಾರದು, ಅಳಬಾರದು. ನೀಲಮ್ಮ ಚಮಚದಿಂದ ಗಂಜಿ ಹಾಕುತ್ತಿದ್ದಳು. ಬೆಳಿಗ್ಗೆ ಅಂಗೈ ಬಿಡಿಸಿ ಲಿಂಗ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ತಾನೇ ತೆಗೆದು ಕರಡಿಗೆಗೆ ಹಾಕುತ್ತಿದ್ದಳು.

ನಗಲೂಬಾರದಿತ್ತು. ಪಕ್ಕದ ಮಂಚದವನಿಗೆ ಇದನ್ನು ತಿಳಿಸಿ ಹೇಳಬೇಕಾಗಿತ್ತು. ಒಂದು ಕಣ್ಣಿನ ಮೇಲೆ ಪಟ್ಟಿ ಕಟ್ಟಿಕೊಂಡು ಕುಳಿತ ಇಮಾಮಸಾಬ ವಾರ್ಡಿನಲ್ಲಿ ನಡೆಯುವುದನ್ನೆಲ್ಲ ನನಗೆ ವರದಿ ಮಾಡುತ್ತಿದ್ದ. "ಮಾಸ್ತರ್ರ, ದೊಡ್ಡ ಸಿಸ್ಟರ ಬರಾಕತ್ತಾರ, ಬಾವುಟಾ ಕೆಂಪು ಐತಿ... ಆ ಮೂಲ್ಯಾನ ಅಜ್ಜ ಕದ್ದ ಬೀಡಿ ಹಚ್ಚ್ಯಾನ, ಹೊಗಿ ಬಿಡಾಕತ್ತಾನ, ಪ್ಯಾಸೆಂಜರ ಹೊಂಟೈತಿ..."

"ಬಾಯಿ ಮುಚ್ಚೋ. ನಗಬಾರದಂತ ಹೇಳ್ಯಾರ."

"ನನ್ನ ಕಣ್ಣ ಕೊಟ್ಟೇನಿ, ಬಾಯಿ ಕೊಟ್ಟಿಲ್ರಿ."

ಶಸ್ತ್ರಕ್ರಿಯೆಯ ದಿನ ಸಂಜೆ ಬಸಣ್ಣ ಬಂದಿದ್ದ. ಯಾವತ್ತೂ ಬಾಗಿಲಿನಿಂದಲೇ ಮಾತು ಶುರು ಮಾಡುವವನು ಅಂದು ಬಂದು ಕುಳಿತದ್ದೂ ನನಗೆ ಗೊತ್ತಾಗಲಿಲ್ಲ. ಚೂರು ತೆಗೆದು ಉಳಿದ ಇಮಾಮಸಾಬನ ಕಣ್ಣನ್ನು ಮಣ್ಣು ಕೊಡುವ ಮೊದಲು ಸುತ್ತಲು ತನ್ನ ಅಂಗಡಿಯಿಂದ ಬಿಳಿ ಬಟ್ಟೆ ಕೊಟ್ಟಿದ್ದನಂತೆ. ಕೊಟ್ಟು ಬರಲಾರದೆ ಇಮಾಮಸಾಬನ ಸೋದರಮಾವನ ಜೊತೆ ಖಬರಸ್ತಾನದವರೆಗೂ ಹೋಗಿದ್ದ.

"ಅಂಗೈಯಷ್ಟು ತಗ್ಗು ತೋಡಿದ್ರು ಅಣ್ಣಾ" ಎಂದ. ನನ್ನ ಕಾಲಿನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದ. ಅಳಬಾರದೆಂದು ಡಾಕ್ಟರು ಹೇಳಿದ್ದನ್ನು ಪಾಲಿಸಲು ಅತ್ಯಂತ ಕಷ್ಟವಾದದ್ದು ಆಗ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಕಿಟಕಿಗೆ ಪರದೆ ಎಳೆಸಿದರು. ಕಾಣುವುದೇನೆಂದು ಕೇಳಿದರು. ಮಬ್ಬಿನಲ್ಲಿ ಏನೋ ಅಲುಗುತ್ತಿತ್ತು. "ಕೈ ಇರಬೇಕ್ರಿ" ಎಂದೆ. "ಇರಬೇಕು ಅಲ್ಲ, ಕೈನ ಅದ" ಎಂದು ಅವರು ನಕ್ಕರು. ಆದರೆ ಕೆಲವು ದಿನಗಳಲ್ಲಿ ಕಣ್ಣು ಕೆಂಪಾಗಿ, ಆ ಮಬ್ಬೂ ದಟ್ಟವಾಗತೊಡಗಿತು. ಡಾಕ್ಟರು ಮಾತು ಕಡಿಮೆ ಮಾಡಿದರು. ಎರಡನೇ ಸಲ ಇಲ್ಲವೆಂದು ಅವರು ಹೇಳಿದ್ದು ನನಗೆ ನೆನಪಿತ್ತು, ನೀಲಮ್ಮನಿಗೂ ನೆನಪಿತ್ತು. ಇಬ್ಬರೂ ಅದನ್ನು ಆಡಲಿಲ್ಲ. ಇಮಾಮಸಾಬನೂ ವರದಿ ನಿಲ್ಲಿಸಿದ. ಅವನಿಗೆ ಮನೆಗೆ ಹೋಗಲು ಅಪ್ಪಣೆಯಾಗಿತ್ತು. ಹೋಗುವಾಗ ನನ್ನ ಮಂಚದ ಹತ್ತಿರ ನಿಂತು, "ಅದು ಹಟಮಾರಿ ಐತ್ರಿ, ನನ್ನಂಗ. ಹೇಳಿದ ಕೂಡಲೇ ಕೇಳೂದಿಲ್ಲ. ಸ್ವಲ್ಪ ಸಂಭಾಳಸ್ರಿ" ಎಂದು ಹೋದ.

ಮದ್ದು, ಶಾಖ, ಕತ್ತಲ ಕೋಣೆ. ನಿಧಾನವಾಗಿ ಕೆಂಪು ಇಳಿಯಿತು. ಒಂದು ಬೆಳಿಗ್ಗೆ ನೀಲಮ್ಮ ಲಿಂಗವನ್ನು ಅಂಗೈಯಲ್ಲಿ ಇಟ್ಟಾಗ ಬೆಳ್ಳಗಿನ ಅಂಗೈಯ ನಡುವೆ ಕಪ್ಪಾದುದೊಂದು ಇತ್ತು. ಬೆರಳಿನಿಂದ ಮುಟ್ಟಿ ನೋಡಿದೆ. ಅದೇ ಜಾಗ. "ನೀಲಾ, ಇವತ್ತ ತಗೀಬ್ಯಾಡ, ಇನ್ನೊಂದ ಸ್ವಲ್ಪ ಇರ್ಲಿ" ಎಂದೆ. ಅವಳಿಗೆ ಅರ್ಥವಾಯಿತು. ಮಂಚದ ಕಾಲು ಹಿಡಿದುಕೊಂಡು ಕುಳಿತುಬಿಟ್ಟಳು.

ಕಣ್ಣು ಪೂರ್ತಿ ಮೊದಲಿನಂತಾಗಲಿಲ್ಲ. ಹಾಗೆಂದು ಯಾರಿಗೂ ಸುಳ್ಳು ಹೇಳುವುದಿಲ್ಲ. ರೇಲ್ವೆಗೆ ತಿರುಗಿ ಹೋಗಲಿಲ್ಲ. ಬಿಸಿಲಿನಲ್ಲಿ ನೀರು ಸುರಿಯುತ್ತದೆ. ಅಂಚಿನ ವಸ್ತುಗಳು ವಾರೆಯಾಗಿ ಕಾಣುತ್ತವೆ. ಆದರೆ ಕೆರೆಯ ಏರಿಯ ಮೇಲೆ ಒಬ್ಬನೇ ನಡೆಯುತ್ತೇನೆ, ದಪ್ಪ ಅಕ್ಷರ ಓದುತ್ತೇನೆ, ಎದುರಿಗೆ ಬಂದವರನ್ನು ಗುರುತಿಸಿ ನಾನೇ ಮೊದಲು ಮಾತಾಡಿಸುತ್ತೇನೆ. ಹಿತ್ತಲಿನ ಹಗ್ಗ ಬಿಚ್ಚಿಸಿದೆ. ಮನೆಯವರಿಗೆಲ್ಲ, ಬಸಣ್ಣನ ಮಕ್ಕಳಿಗೂ, ಹೇಳಬೇಕಾದ ಮಾತು ಹೇಳಿಟ್ಟಿದ್ದೇನೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಹುಸೇನಬಿ ಇಮಾಮಸಾಬನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವನು ವರ್ಕಶಾಪಿಗೆ ಮತ್ತೆ ಹೋಗುತ್ತಿದ್ದ. ಅವರಿಬ್ಬರ ಮುಖವನ್ನು ನಾನು ಅಂದೇ ಮೊದಲು ನೋಡಿದ್ದು. ತಾಯಿ ನಾನು ತಿಳಿದುದಕ್ಕಿಂತ ಸಣ್ಣ ಹೆಂಗಸು. ಮಗ ಹೆಚ್ಚು ಎತ್ತರ, ಬಲಗಣ್ಣಿನ ಮೇಲೆ ಕಪ್ಪು ಬಟ್ಟೆಯ ತುಂಡು. ನೀಲಮ್ಮ ಅವಲಕ್ಕಿ ಕೊಟ್ಟಳು. ಇಮಾಮಸಾಬ ಎಂದಿನಂತೆ ಎಲ್ಲರನ್ನೂ ನಗಿಸಿದ. ಹುಸೇನಬಿ ಒಂದು ತುತ್ತನ್ನೂ ಮುಟ್ಟಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಮಾಸ್ತರ್ರ, ಬಾಗಲಾಗ ಬೆಳಕಿಗೆ ಬರ್ತೀರೇನು?" ಎಂದರು ಕೊನೆಗೆ.

ನಾನು ಹೊಸ್ತಿಲ ಹತ್ತಿರ ಮಣೆ ಹಾಕಿಸಿಕೊಂಡು ಕುಳಿತೆ. ಅವರು ಎದುರಿಗೆ ಕುಳಿತು, ಸೂಜಿಗೆ ದಾರ ಪೋಣಿಸುವವರಂತೆ ಮುಖ ಹತ್ತಿರ ತಂದರು. ಬೆಳಕಿನಲ್ಲಿ ಚೂರಿನ ದುಂಡನೆಯ ಅಂಚು ತೆಳ್ಳಗೆ ಕಾಣುತ್ತದೆಂದು ನೀಲಮ್ಮ ಹೇಳುತ್ತಿದ್ದಳು, ಅವರಿಗೂ ಕಂಡಿರಬೇಕು.

"ನಾ ಕಾಣಾಕತ್ತೇನಿ ಇದರಾಗ" ಎಂದರು ಹುಸೇನಬಿ, ಬಹಳ ಸಣ್ಣ ದನಿಯಲ್ಲಿ. "ತೊಟ್ಟಿಲಾಗ ಇದ್ದಾಗ ಇಂವನ ಕಣ್ಣಾಗ ಹಿಂಗ ಕಾಣತಿದ್ದೆ."

ಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತು, ನೀರು ತುಂಬಿಕೊಳ್ಳುತ್ತಿತ್ತು. ನಾನು ರೆಪ್ಪೆ ಬಡಿಯಲಿಲ್ಲ. ಅವರು ನೋಡಿ ಮುಗಿಸುವವರೆಗೆ ಹಾಗೆಯೇ ಕುಳಿತಿದ್ದೆ.